ಬ್ರಸೆಲ್ಸ್‌ನಲ್ಲಿ ಮಕ್ಕಳೊಂದಿಗೆ ನೆಲೆಸುವವರಿಗೆ: ಮೊದಲು ಶಾಲೆಯ ಭಾಷೆ, ಆಮೇಲೆ ಮನೆ

ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಬ್ರಸೆಲ್ಸ್‌ಗೆ ಹೊರಟವರು ನನಗೆ ಫೋನ್ ಮಾಡಿದಾಗ ಮೊದಲು ಕೇಳುವುದು ಒಂದೇ ಮಾತು: “ಯಾವ ಏರಿಯಾದಲ್ಲಿ ಮನೆ ಮಾಡಿದರೆ ಒಳ್ಳೆಯದು?” ನಾನು ಉತ್ತರ ಹೇಳುವ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಮಗುವಿಗೆ ಎಷ್ಟು ವರ್ಷ? ಅಲ್ಲಿ ಎಷ್ಟು ವರ್ಷ ಇರುವ ಯೋಚನೆ? ಫೋನಿನ ಆ ಕಡೆ ಸ್ವಲ್ಪ ಹೊತ್ತು ಮೌನ. ಬಾಡಿಗೆ, ಮೆಟ್ರೋ, ಭಾರತೀಯ ಅಂಗಡಿ ಎಲ್ಲವನ್ನೂ ವಿಚಾರಿಸಿಕೊಂಡಿರುತ್ತಾರೆ. ಈ ಎರಡನ್ನು ಮಾತ್ರ ಕೂತು ಮಾತಾಡಿಕೊಂಡಿರುವುದಿಲ್ಲ.

ನಾವೂ ಮಾತಾಡಿಕೊಂಡಿರಲಿಲ್ಲ. ಆಫೀಸಿಗೆ ಹತ್ತಿರ ಎಂದು ಮನೆ ಹಿಡಿದೆವು, ಆಮೇಲೆ ಮಗಳಿಗೆ ಶಾಲೆ ಹುಡುಕಿದೆವು. ಸೀಟು ಸಿಕ್ಕಿದ್ದು ಊರಿನ ಇನ್ನೊಂದು ತುದಿಯಲ್ಲಿ. ಡಿಸೆಂಬರ್‌ನಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಎಂಟೂವರೆಯ ನಂತರ. ಕತ್ತಲಲ್ಲೇ ಮನೆ ಬಿಟ್ಟು, ಎರಡು ಟ್ರಾಮ್ ಬದಲಿಸಿ, ನಿದ್ದೆ ತೂಗುವ ನಾಲ್ಕು ವರ್ಷದ ಮಗುವನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಡುತ್ತಿದ್ದೆವು. ಎರಡನೆಯ ವರ್ಷದಲ್ಲಿ ಕರಾರು ಮುರಿದು, ಮನೆ ಮಾಲೀಕರಿಗೆ ಎರಡು ತಿಂಗಳ ಬಾಡಿಗೆಯನ್ನು ಪರಿಹಾರವಾಗಿ ಕಟ್ಟಿ ಹೊರಬಂದೆವು. ಮುಂದೆ ಬರೆದಿರುವ ಕ್ರಮ ಆ ಅನುಭವದಿಂದ ಬಂದದ್ದು.

ಹೆಜ್ಜೆ 1: ಎಷ್ಟು ವರ್ಷ ಎಂಬುದನ್ನು ಕಾಗದದ ಮೇಲೆ ಬರೆಯಿರಿ

ಎರಡು ವರ್ಷದ ಪ್ರಾಜೆಕ್ಟ್‌ಗೆ ಹೋಗುವವರಿಗೂ, ಅಲ್ಲೇ ನೆಲೆಯೂರಲು ಹೋಗುವವರಿಗೂ ಬ್ರಸೆಲ್ಸ್ ಬೇರೆ ಬೇರೆ ಊರು. ಹನ್ನೊಂದು ವರ್ಷದ ಮಗುವಿದ್ದು ಎರಡೇ ವರ್ಷದಲ್ಲಿ ಹಿಂತಿರುಗುವುದು ಖಚಿತವಾಗಿದ್ದರೆ ಇಂಗ್ಲಿಷ್ ಮಾಧ್ಯಮದ ಅಂತಾರಾಷ್ಟ್ರೀಯ ಶಾಲೆಯೇ ಸರಿ. ಅಂಥ ಶಾಲೆಗಳ ಶುಲ್ಕ ತೀರಾ ದುಬಾರಿ. ಕಂಪನಿ ಅದನ್ನು ಭರಿಸುತ್ತದೆಯೇ ಎಂಬುದನ್ನು ಹೊರಡುವ ಮೊದಲೇ ಬರವಣಿಗೆಯಲ್ಲಿ ಪಡೆಯಿರಿ. ಬಾಯಿಮಾತಿನ ಭರವಸೆ ವಿಮಾನ ಹತ್ತಿದ ಮೇಲೆ ಉಪಯೋಗಕ್ಕೆ ಬರುವುದಿಲ್ಲ. ಮಗು ಮೂರು ವರ್ಷದ್ದಾಗಿದ್ದು, ನೀವು ಐದಾರು ವರ್ಷ ಇರುವ ಸಾಧ್ಯತೆ ಇದ್ದರೆ ಸ್ಥಳೀಯ ಶಾಲೆಯ ಕಡೆ ನೋಡಿ. ಅಲ್ಲಿ ಎರಡೂವರೆ ವರ್ಷಕ್ಕೇ ಶಿಶುವಿಹಾರ ಸೇರಿಸಬಹುದು, ಬೋಧನಾ ಶುಲ್ಕವಿಲ್ಲ. 2020ರ ಸೆಪ್ಟೆಂಬರ್‌ನಿಂದ ಐದನೆಯ ವಯಸ್ಸಿಗೇ ಶಿಕ್ಷಣ ಕಡ್ಡಾಯ.

ಯುರೋಪಿಯನ್ ಸ್ಕೂಲ್ ಎಂಬ ಹೆಸರನ್ನು ನೀವು ಖಂಡಿತ ಕೇಳುತ್ತೀರಿ. ಉಕ್ಲ್, ವೊಲುವೆ, ಇಕ್ಸೆಲ್, ಲಾಕೆನ್‌ಗಳಲ್ಲಿ ಇಂಥ ನಾಲ್ಕು ಶಾಲೆಗಳಿವೆ. ಅವು ಮುಖ್ಯವಾಗಿ ಯುರೋಪಿಯನ್ ಒಕ್ಕೂಟದ ಸಂಸ್ಥೆಗಳ ನೌಕರರ ಮಕ್ಕಳಿಗಾಗಿ ಇರುವವು. ಅವುಗಳ ಪಕ್ಕದ ಮನೆ ಹಿಡಿದ ಮಾತ್ರಕ್ಕೆ ನಮ್ಮ ಐಟಿ ನೌಕರರ ಮಕ್ಕಳಿಗೆ ಸೀಟು ಸಿಗುವುದಿಲ್ಲ.

ಹೆಜ್ಜೆ 2: ಊರಿನ ಭಾಷೆಯ ಗೆರೆಗಳನ್ನು ನಕ್ಷೆಯಲ್ಲಿ ಎಳೆಯಿರಿ

ಬೆಳಗಾವಿ, ಕಾಸರಗೋಡುಗಳ ಕಥೆ ಗೊತ್ತಿರುವ ನಮಗೆ ಭಾಷೆಯ ಗಡಿ ಹೊಸದಲ್ಲ. ಬೆಲ್ಜಿಯಂನಲ್ಲಿ ಆ ಗಡಿಯನ್ನು 1962-63ರ ಕಾನೂನುಗಳಲ್ಲಿ ಗಟ್ಟಿಮಾಡಲಾಯಿತು. ಉತ್ತರದ ಫ್ಲಾಂಡರ್ಸ್‌ನಲ್ಲಿ ಡಚ್, ದಕ್ಷಿಣದ ವಲೋನಿಯಾದಲ್ಲಿ ಫ್ರೆಂಚ್, ಪೂರ್ವದ ಒಂದು ಸಣ್ಣ ಭಾಗದಲ್ಲಿ ಜರ್ಮನ್. ಬ್ರಸೆಲ್ಸ್ ರಾಜಧಾನಿ ಪ್ರದೇಶ ಮಾತ್ರ ಅಧಿಕೃತವಾಗಿ ದ್ವಿಭಾಷಿ, ಮತ್ತು ಅದರ ಸುತ್ತಲೂ ಫ್ಲಾಂಡರ್ಸ್‌ನ ನೆಲವೇ ಇದೆ. ಸುಮಾರು 162 ಚದರ ಕಿಲೋಮೀಟರಿನ ಈ ಪ್ರದೇಶದಲ್ಲಿ 19 ಕಮ್ಯೂನ್‌ಗಳು, ಅಂದರೆ ನಮ್ಮ ಪುರಸಭೆಗಳಂಥವು. ಪ್ರತಿಯೊಂದಕ್ಕೂ ತನ್ನದೇ ಮೇಯರ್, ತನ್ನದೇ ಕಚೇರಿ. ಬೀದಿಯ ಹೆಸರೂ ಎರಡು ಭಾಷೆಯಲ್ಲಿ. ಒಂದೇ ಕಮ್ಯೂನ್ ಫ್ರೆಂಚ್‌ನಲ್ಲಿ ಇಕ್ಸೆಲ್, ಡಚ್‌ನಲ್ಲಿ ಎಲ್ಸೆನೆ. ಮನೆಯ ಜಾಹೀರಾತು ನೋಡುವಾಗ ಎರಡೂ ಹೆಸರನ್ನು ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಒಂದೇ ಜಾಗವನ್ನು ಎರಡು ಊರು ಎಂದುಕೊಂಡು ಅಲೆಯುತ್ತೀರಿ.

ಕಾಗದದ ಮೇಲೆ ದ್ವಿಭಾಷೆ, ಬೀದಿಯಲ್ಲಿ ಹೆಚ್ಚಾಗಿ ಕೇಳುವುದು ಫ್ರೆಂಚ್. ಜೊತೆಗೆ ಅರಬ್ಬಿ, ಟರ್ಕಿಶ್, ಪೋರ್ಚುಗೀಸ್, ಪೋಲಿಶ್, ಮತ್ತು ಎಲ್ಲೆಲ್ಲೂ ಇಂಗ್ಲಿಷ್. ಇಂಗ್ಲಿಷ್‌ನಲ್ಲಿ ದಿನ ಕಳೆಯಬಹುದು, ನಿಜ. ಆದರೆ ಅದು ಅಲ್ಲಿನ ಯಾವ ಕಮ್ಯೂನ್‌ನಲ್ಲೂ ಆಡಳಿತ ಭಾಷೆಯಲ್ಲ.

ಅಪಾರ್ಟ್‌ಮೆಂಟ್ ನೋಡುತ್ತಾ ನೋಡುತ್ತಾ ಗಡಿ ದಾಟಿಬಿಡುವುದು ಬಹಳ ಸುಲಭ. ವೊಲುವೆಯ ಬೀದಿಯೊಂದರಲ್ಲಿ ನಡೆಯುತ್ತಿದ್ದವರು ಹತ್ತು ನಿಮಿಷದಲ್ಲಿ ಕ್ರಾಯ್ನೆಮ್ ಅಥವಾ ವೆಜೆಂಬೇಕ್-ಓಪೆಮ್‌ನಲ್ಲಿರುತ್ತೀರಿ, ಅಂದರೆ ಫ್ಲಾಂಡರ್ಸ್‌ನಲ್ಲಿ. ಈ ಎರಡೂ ಸೇರಿ ಬ್ರಸೆಲ್ಸ್ ಸುತ್ತಲಿನ ಆರು ಕಮ್ಯೂನ್‌ಗಳಲ್ಲಿ ಫ್ರೆಂಚ್ ಮಾತಾಡುವವರಿಗೆ ಕೆಲವು ವಿಶೇಷ ಸವಲತ್ತುಗಳಿವೆ. ಉಳಿದ ನಾಲ್ಕು ವೆಮೆಲ್, ಡ್ರೊಗೆನ್‌ಬೊಸ್, ಲಿಂಕೆಬೇಕ್ ಮತ್ತು ಸಿಂಟ್ ಜೆನೇಸಿಯಸ್ ರೋಡೆ. ಜಾವೆಂಟೆಮ್, ಟೆರ್ವೂರೆನ್, ಡೀಗೆಮ್‌ಗಳಲ್ಲಿ ಆ ಸವಲತ್ತೂ ಇಲ್ಲ, ಕಚೇರಿ ವ್ಯವಹಾರವೆಲ್ಲ ಡಚ್‌ನಲ್ಲೇ. ಬೀದಿಯ ಫಲಕದಲ್ಲಿ ಎರಡು ಭಾಷೆ ಹೋಗಿ ಡಚ್ ಒಂದೇ ಉಳಿದರೆ ನೀವು ಗಡಿ ದಾಟಿದ್ದೀರಿ ಎಂದು ತಿಳಿಯಿರಿ. ಆಗ ಮಕ್ಕಳ ಭತ್ಯೆಯ ನಿಯಮ, ಬಾಡಿಗೆ ಕಾನೂನು ಎಲ್ಲವೂ ಬೇರೆ. ಜಾವೆಂಟೆಮ್ ಕಡೆ ಆಫೀಸ್ ಇರುವವರು ಅಲ್ಲೇ ಮನೆ ಮಾಡುವುದುಂಟು, ಅದು ತಪ್ಪಲ್ಲ. ಡಚ್ ಕಲಿಯುವ ಮನಸ್ಸು ಮನೆಯವರೆಲ್ಲರಿಗೂ ಇರಬೇಕು, ಅಷ್ಟೇ.

ಹೆಜ್ಜೆ 3: ಶಾಲೆಯ ಭಾಷೆಯನ್ನು ತೀರ್ಮಾನಿಸಿ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಸಮಯವಿದ್ದರೆ ಇದನ್ನು ಓದಿ.

ದ್ವಿಭಾಷಿ ನಗರವೆಂದ ಮೇಲೆ ಶಾಲೆಯೂ ದ್ವಿಭಾಷಿ ಇರಬಹುದು ಎಂದು ನಾವು ಎಣಿಸುತ್ತೇವೆ. ಹಾಗಿಲ್ಲ. ಸರ್ಕಾರದ ಹಣದಿಂದ ನಡೆಯುವ ಶಾಲೆಗಳು ಒಂದೋ ಫ್ರೆಂಚ್ ಸಮುದಾಯಕ್ಕೆ ಸೇರುತ್ತವೆ, ಇಲ್ಲವೇ ಡಚ್ ಮಾತಾಡುವ ಫ್ಲೆಮಿಷ್ ಸಮುದಾಯಕ್ಕೆ. ಒಂದೇ ಬೀದಿಯಲ್ಲಿ ಎದುರುಬದುರಾಗಿ ಎರಡು ಶಾಲೆಗಳಿರಬಹುದು. ಪಠ್ಯಕ್ರಮ ಬೇರೆ, ತಪಾಸಣೆ ಬೇರೆ, ರಜೆಯೂ ಬೇರೆ. ಫ್ರೆಂಚ್ ಶಾಲೆಗಳು 2022ರಿಂದ ಹೊಸ ವೇಳಾಪಟ್ಟಿಗೆ ಬದಲಾಗಿವೆ: ಆಗಸ್ಟ್ ಕೊನೆಯಲ್ಲೇ ಶಾಲೆ ಶುರು, ಸುಮಾರು ಏಳು ವಾರ ಪಾಠವಾದ ಮೇಲೆ ಎರಡು ವಾರ ರಜೆ, ಬೇಸಿಗೆ ರಜೆ ಚಿಕ್ಕದು. ಡಚ್ ಶಾಲೆಗಳು ಸೆಪ್ಟೆಂಬರ್ 1ರಿಂದ ಜೂನ್ ಕೊನೆಯವರೆಗಿನ ಹಳೆಯ ಕ್ರಮದಲ್ಲೇ ಇವೆ. ಅಕ್ಕ ಒಂದು ಭಾಷೆಯ ಶಾಲೆಯಲ್ಲಿ, ತಮ್ಮ ಇನ್ನೊಂದರಲ್ಲಿ ಇದ್ದರೆ ಇಬ್ಬರಿಗೂ ಒಟ್ಟಿಗೆ ರಜೆ ಸಿಗುವ ದಿನ ಹುಡುಕುವುದೇ ಕೆಲಸವಾಗುತ್ತದೆ. ಊರಿಗೆ ಬರುವ ಟಿಕೆಟ್ ಕಾಯ್ದಿರಿಸುವಾಗ ಇದು ಎಷ್ಟು ದೊಡ್ಡ ತೊಂದರೆ ಎಂದು ಗೊತ್ತಾಗುತ್ತದೆ. ಒಡಹುಟ್ಟಿದವರನ್ನು ಒಂದೇ ಭಾಷೆಯ ಶಾಲೆಗೆ ಹಾಕಿ.

ಯಾವ ಭಾಷೆ? ಫ್ರೆಂಚ್ ಶಾಲೆಗೆ ಸೇರಿದ ಮಗು ಪಾರ್ಕಿನಲ್ಲಿ, ಬೇಕರಿಯಲ್ಲಿ, ಕೆಳಗಿನ ಮನೆಯವರೊಂದಿಗೆ ಅದೇ ಭಾಷೆಯನ್ನು ಕೇಳುತ್ತದೆ. ಹಾಗಾಗಿ ಬೇಗ ಹಿಡಿಯುತ್ತದೆ. ಬ್ರಸೆಲ್ಸ್‌ನ ಫ್ರೆಂಚ್ ಪ್ರಾಥಮಿಕ ಶಾಲೆಗಳಲ್ಲಿ ಮೂರನೆಯ ವರ್ಷದಿಂದ ಡಚ್ ಕಲಿಸುತ್ತಾರೆ. ಡಚ್ ಶಾಲೆಗೆ ಸೇರಿದ ಮಗುವಿಗೆ ಶಾಲೆಯಲ್ಲಿ ಡಚ್, ಬೀದಿಯಲ್ಲಿ ಫ್ರೆಂಚ್. ಹತ್ತು ವರ್ಷ ಇದ್ದರೆ ಎರಡೂ ಬರುತ್ತವೆ. ಆ ದೇಶದಲ್ಲಿ ಕೆಲಸ ಹುಡುಕುವಾಗ ಎರಡೂ ಭಾಷೆ ಬಲ್ಲವರಿಗಿರುವ ಬೆಲೆ ದೊಡ್ಡದು. ಈ ಕಾರಣಕ್ಕೇ ಮನೆಯಲ್ಲಿ ಡಚ್ ಮಾತಾಡದ ಕುಟುಂಬಗಳು ಆ ಶಾಲೆಗಳನ್ನು ಬಯಸುತ್ತವೆ. ಇಂದು ಬ್ರಸೆಲ್ಸ್‌ನ ಡಚ್ ಶಾಲೆಗಳ ಮಕ್ಕಳಲ್ಲಿ ಹೆಚ್ಚಿನವರ ಮನೆಮಾತು ಡಚ್ ಅಲ್ಲ.

ದೀರ್ಘಕಾಲ ಇರುವವರಿಗೆ, ಮಗು ಆರು ವರ್ಷದೊಳಗಿದ್ದರೆ, ನಾನು ಡಚ್ ಶಾಲೆಯ ಪರ. ಆದರೆ ಒಂದು ಷರತ್ತು. ತಂದೆ ತಾಯಿಯರಲ್ಲಿ ಒಬ್ಬರಾದರೂ ಡಚ್ ಕಲಿಯಲೇಬೇಕು. ಶಾಲೆಯಿಂದ ಬರುವ ಚೀಟಿ, ಮನೆಗೆಲಸ, ಶಿಕ್ಷಕರ ಭೇಟಿ ಎಲ್ಲವೂ ಆ ಭಾಷೆಯಲ್ಲಿ. ಅರ್ಥವಾಗದ ತಂದೆ ತಾಯಿ ಶಾಲೆಯ ಗೇಟಿನ ಹೊರಗೇ ಉಳಿಯುತ್ತಾರೆ, ಮಗು ಒಂಟಿಯಾಗುತ್ತದೆ. ‘ಹೌಸ್ ವಾನ್ ಹೆಟ್ ನೇಡರ್‌ಲಾಂಡ್ಸ್’ ಎಂಬ ಸಂಸ್ಥೆ ನಿಮ್ಮ ಮಟ್ಟ ನೋಡಿ ಸರಿಯಾದ ತರಗತಿಗೆ ಕಳಿಸುತ್ತದೆ. ಇಬ್ಬರಿಗೂ ಕಲಿಯುವ ಬಿಡುವಿಲ್ಲದಿದ್ದರೆ, ಬೀದಿಯೂ ಶಾಲೆಯೂ ಒಂದೇ ಭಾಷೆಯಾಗಿರುವ ಫ್ರೆಂಚ್ ದಾರಿ ಮಗುವಿಗೆ ಹಗುರ.

ಮಗು ದೊಡ್ಡದಾಗಿದ್ದು ಎರಡು ಭಾಷೆಯೂ ಬಾರದಿದ್ದರೆ ಹೊಸದಾಗಿ ಬಂದವರಿಗೆಂದೇ ಇರುವ ತರಗತಿಗಳನ್ನು ವಿಚಾರಿಸಿ. ಫ್ರೆಂಚ್ ವ್ಯವಸ್ಥೆಯಲ್ಲಿ ಅದಕ್ಕೆ ‘ದಾಸ್ಪಾ’ ಎನ್ನುತ್ತಾರೆ, ಡಚ್ ವ್ಯವಸ್ಥೆಯಲ್ಲಿ ‘ಓಕಾನ್’. ಎಲ್ಲ ಶಾಲೆಗಳಲ್ಲೂ ಇವಿಲ್ಲ, ಆದ್ದರಿಂದ ನೀವು ಯಾವ ಬಡಾವಣೆಗೆ ಹೋಗಬೇಕು ಎಂಬುದನ್ನು ಇದೇ ನಿರ್ಧರಿಸಬಹುದು.

ಇನ್ನೊಂದು ಮಾತು. ಹೊಸ ಭಾಷೆ ಬೇಗ ಬರಲಿ ಎಂದು ಮನೆಯಲ್ಲಿ ಕನ್ನಡ ನಿಲ್ಲಿಸಿ ಇಂಗ್ಲಿಷ್ ಶುರುಮಾಡುವ ಕುಟುಂಬಗಳನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಇಂಗ್ಲಿಷ್ ಅಲ್ಲಿನ ಶಾಲೆಯ ಭಾಷೆಯೂ ಅಲ್ಲ, ಅಜ್ಜಿಯ ಭಾಷೆಯೂ ಅಲ್ಲ. ಮನೆಯಲ್ಲಿ ಕನ್ನಡ ಗಟ್ಟಿಯಾಗಿರಲಿ. ನನ್ನ ಮಗಳು ಮೂರು ಭಾಷೆಯನ್ನು ಮೂರು ಡಬ್ಬಿಯಲ್ಲಿಟ್ಟಂತೆ ಬೇರೆ ಬೇರೆಯಾಗಿಯೇ ಕಲಿತಳು.

ಹೆಜ್ಜೆ 4: ಸೀಟು ಎಲ್ಲಿದೆ ನೋಡಿ

ಡಚ್ ಶಾಲೆಗಳ ಶಿಶುವಿಹಾರ ಮತ್ತು ಪ್ರಾಥಮಿಕ ಹಂತಕ್ಕೆ ಬ್ರಸೆಲ್ಸ್ ಪೂರ್ತಿಗೆ ಒಂದೇ ಆನ್‌ಲೈನ್ ನೋಂದಣಿ ಇದೆ, ಹೆಸರು ‘ಇನ್‌ಸ್ಕ್ರೈವೆನ್ ಇನ್ ಬ್ರಸೆಲ್’. ಸೆಪ್ಟೆಂಬರ್‌ನಲ್ಲಿ ಸೇರಬೇಕಾದ ಮಗುವಿಗೆ ಅದೇ ವರ್ಷದ ಫೆಬ್ರವರಿ-ಮಾರ್ಚ್ ಸುಮಾರಿಗೆ ಇಷ್ಟದ ಶಾಲೆಗಳನ್ನು ಕ್ರಮವಾಗಿ ಗುರುತಿಸಬೇಕು. ಆಗಲೇ ಅಲ್ಲಿ ಓದುತ್ತಿರುವ ಅಣ್ಣ ಅಕ್ಕಂದಿರಿದ್ದರೆ, ಅಥವಾ ತಂದೆ ತಾಯಿಯಲ್ಲಿ ಒಬ್ಬರು ಡಚ್ ಬಲ್ಲವರೆಂದು ದಾಖಲೆ ತೋರಿಸಿದರೆ ಆದ್ಯತೆ. ಮನೆಯಿಂದ ಶಾಲೆಗಿರುವ ದೂರವೂ ಎಣಿಕೆಗೆ ಬರುತ್ತದೆ. ಆ ಗಡುವು ತಪ್ಪಿ ವರ್ಷದ ನಡುವೆ ಬಂದವರು ಖಾಲಿ ಉಳಿದ ಸೀಟುಗಳಿಗಾಗಿ ಶಾಲೆಗಳನ್ನೇ ನೇರವಾಗಿ ಕೇಳಬೇಕು. ಫ್ರೆಂಚ್ ಪ್ರಾಥಮಿಕ ಶಾಲೆಗಳಿಗೆ ಸಾಮಾನ್ಯವಾಗಿ ಶಾಲೆಯಲ್ಲೇ ವಿಚಾರಿಸಬೇಕು. ಎಂಟು ಹತ್ತು ಶಾಲೆಗಳಿಗೆ ಬರೆದು, ಉತ್ತರ ಬಾರದಿದ್ದರೆ ಫೋನ್ ಮಾಡಿ. ಇಂಗ್ಲಿಷ್‌ನಲ್ಲಿ ಕಳಿಸಿದ ಪತ್ರಕ್ಕಿಂತ ಆ ಶಾಲೆಯ ಭಾಷೆಯಲ್ಲಿ ಬರೆದ ನಾಲ್ಕು ಸಾಲಿಗೆ ಬೇಗ ಉತ್ತರ ಬರುತ್ತದೆ ಎಂಬುದು ನನ್ನ ಅನುಭವ.

ಕೇಳಬೇಕಾದ ಸಣ್ಣ ವಿಷಯಗಳಿವೆ. ಬುಧವಾರ ಮಧ್ಯಾಹ್ನ ಬೆಲ್ಜಿಯಂನ ಶಾಲೆಗಳಿಗೆ ರಜೆ. ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಆ ಮಧ್ಯಾಹ್ನ, ಮತ್ತು ಪ್ರತಿದಿನ ಮೂರೂವರೆಯ ನಂತರ ಮಗುವನ್ನು ಅಲ್ಲೇ ನೋಡಿಕೊಳ್ಳುವ ವ್ಯವಸ್ಥೆ ಎಷ್ಟು ಗಂಟೆಯವರೆಗೆ ಇದೆ ಎಂದು ತಿಳಿಯಿರಿ. ಸಸ್ಯಾಹಾರಿಗಳು ಊಟದ ಬಗ್ಗೆ ಮೊದಲೇ ಮಾತಾಡಿ. ಅಲ್ಲಿನ ಮಕ್ಕಳು ಹೆಚ್ಚಾಗಿ ಬ್ರೆಡ್ಡಿನ ಡಬ್ಬಿ ತರುತ್ತಾರೆ. ಚಪಾತಿ ಪಲ್ಯದ ಡಬ್ಬಿಗೆ ತೊಂದರೆಯಾಗಲಿಲ್ಲ, ಆದರೆ ಬಿಸಿಮಾಡಿಕೊಡುವುದಿಲ್ಲ.

ಶಿಶುಪಾಲನಾ ಕೇಂದ್ರ, ಅಲ್ಲಿಯವರ ಮಾತಿನಲ್ಲಿ ‘ಕ್ರೆಶ್’, ಬೇಕಾದವರು ಇನ್ನೂ ಬೇಗ ಎಚ್ಚರವಾಗಬೇಕು. ಅಲ್ಲಿನ ಹೆಂಗಸರು ಬಸುರಿಯಾಗಿರುವಾಗಲೇ ಹೆಸರು ಬರೆಸುತ್ತಾರೆ.

ಹೆಜ್ಜೆ 5: ಶಾಲೆಯನ್ನು ನಡುವಿಟ್ಟು ನಡೆದು ಹೋಗುವ ದೂರ ಅಳೆಯಿರಿ

ಎರಡು ಮೂರು ಶಾಲೆಗಳಲ್ಲಿ ಭರವಸೆ ಸಿಕ್ಕ ಮೇಲೆ ನಕ್ಷೆ ತೆರೆಯಿರಿ. ಪ್ರತಿ ಶಾಲೆಯ ಸುತ್ತ ಹದಿನೈದು ನಿಮಿಷದ ನಡಿಗೆಯ ವೃತ್ತ ಎಳೆಯಿರಿ. ಮನೆ ಅದರೊಳಗೇ ಇರಲಿ. ದೊಡ್ಡವರ ಆಫೀಸ್ ದೂರವಾದರೂ ಚಿಂತೆಯಿಲ್ಲ, ಏಕೆಂದರೆ ಊರು ಚಿಕ್ಕದು, ಮೆಟ್ರೋ, ಟ್ರಾಮ್, ಬಸ್ ಎಲ್ಲಕ್ಕೂ ಒಂದೇ ಟಿಕೆಟ್ ನಡೆಯುತ್ತದೆ. ಆರು ವರ್ಷದೊಳಗಿನವರಿಗೆ ಪ್ರಯಾಣ ಉಚಿತ, 6ರಿಂದ 11ರವರೆಗಿನವರಿಗೆ ಪಾಸ್ ಉಚಿತ. 12ರಿಂದ 24 ವರ್ಷದವರ ವಾರ್ಷಿಕ ಪಾಸ್‌ಗೆ 2022ರ ಜುಲೈನಲ್ಲಿ 12 ಯೂರೋ ಎಂದು ನಿಗದಿಯಾಯಿತು. ಇಡೀ ಪ್ರದೇಶದ ಬಹುತೇಕ ಬೀದಿಗಳಲ್ಲಿ 2021ರ ಜನವರಿಯಿಂದ ವಾಹನಗಳ ವೇಗ ಗಂಟೆಗೆ 30 ಕಿಲೋಮೀಟರ್ ಮೀರುವಂತಿಲ್ಲ. ಮಕ್ಕಳ ಕೈಹಿಡಿದು ರಸ್ತೆ ದಾಟುವಾಗ ಆ ನಿಯಮದ ಬೆಲೆ ತಿಳಿಯುತ್ತದೆ.

ಹೆಜ್ಜೆ 6: ಬಡಾವಣೆಗಳ ಪರಿಚಯ ಮಾಡಿಕೊಳ್ಳಿ

ಕಮ್ಯೂನ್ ಎಂದರೆ ಬಡಾವಣೆಯಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ಸ್ಕಾರ್‌ಬೇಕ್ ಎಂದರೆ ಸಾಕೇ? ಅದರ ಜೋಸಾಫಾ ಪಾರ್ಕಿನ ಸುತ್ತಲಿನ ಮರಸಾಲಿನ ಬೀದಿಗಳು ಒಂದು ಲೋಕ, ಉತ್ತರ ರೈಲು ನಿಲ್ದಾಣದ ಹಿಂಭಾಗ ಇನ್ನೊಂದು. “ಆ ಕಮ್ಯೂನ್ ಬೇಡ” ಎಂದು ಯಾರಾದರೂ ಸಾರಾಸಗಟಾಗಿ ಹೇಳಿದರೆ ಯಾವ ಬೀದಿ ಎಂದು ಕೇಳಿ.

ಪೂರ್ವದ ವೊಲುವೆ ಸೇಂ ಪಿಯೆರ್ ಮತ್ತು ವೊಲುವೆ ಸೇಂ ಲಾಂಬೇರ್‌ಗಳನ್ನು ಮಕ್ಕಳಿರುವ ವಿದೇಶಿಯರು ಬಹುಕಾಲದಿಂದ ಮೆಚ್ಚಿಕೊಂಡಿದ್ದಾರೆ. ಹಸಿರು, ಕೆರೆ, ಶಾಂತಿ ಎಲ್ಲವೂ ಇವೆ. ಸೇಂ ಲುಕ್ ಎಂಬ ದೊಡ್ಡ ವಿಶ್ವವಿದ್ಯಾಲಯ ಆಸ್ಪತ್ರೆ ಲಾಂಬೇರ್‌ನಲ್ಲಿದೆ. ಒಂದನೆಯ ಮೆಟ್ರೋ ಮಾರ್ಗದ ಕೊನೆಯ ನಿಲ್ದಾಣ ಸ್ಟೊಕೆಲ್. ಟಿನ್‌ಟಿನ್ ಕಥೆಯ ಪಾತ್ರಗಳು ಅದರ ಗೋಡೆಯುದ್ದಕ್ಕೂ ಸಾಲುಗಟ್ಟಿ ನಿಂತಿವೆ. ಅಲ್ಲಿಂದ ಊರ ನಡುವಿಗೆ ನೇರ ದಾರಿ. ಬಾಡಿಗೆ ಹೆಚ್ಚು. ಅದಕ್ಕಿಂತ ಒಳಗಿರುವ ಎಟರ್‌ಬೇಕ್ ನನಗೆ ಪ್ರಿಯ: ಮೆರೋಡ್, ತಿಯೆಫ್ರಿ, ಪೆಟಿಯಾನ್ ಎಂಬ ಮೆಟ್ರೋ ನಿಲ್ದಾಣಗಳು, ಪಕ್ಕದಲ್ಲೇ ಸೆಂಕಾಂತನೇರ್ ಉದ್ಯಾನ, ಕೆಳಗಿಳಿದರೆ ಬ್ರೆಡ್ಡಿನ ಅಂಗಡಿ. ಮನೆಗಳು ಇಕ್ಕಟ್ಟು, ಆದರೆ ಕಾರಿಲ್ಲದೆ ಬದುಕಬಹುದು.

ಓಡರ್‌ಗೆಮ್ ಮತ್ತು ವಾಟರ್ಮಾಲ್-ಬ್ವಾಫೋರ್‌ಗಳಲ್ಲಿ ಹಿತ್ತಲು ದಾಟಿದರೆ ಸೊನಿಯನ್ ಕಾಡು. ಅದರ ಬೀಚ್ ಮರಗಳ ಹಳೆಯ ಭಾಗಗಳು 2017ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬ್ವಾಫೋರ್‌ನ ಲೋಜಿ ಮತ್ತು ಫ್ಲೋರಿಯಾಲ್ ಎಂಬ ಉದ್ಯಾನ ಬಡಾವಣೆಗಳು 1920ರ ದಶಕದಲ್ಲಿ ಕಟ್ಟಿದವು. ವಸಂತದಲ್ಲಿ ಅಲ್ಲಿನ ಚೆರ್ರಿ ಮರಗಳು ಹೂಬಿಟ್ಟಾಗ ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ. ಓಡರ್‌ಗೆಮ್‌ಗೆ ಐದನೆಯ ಮಾರ್ಗದ ಮೆಟ್ರೋ ಬರುತ್ತದೆ. ಬ್ವಾಫೋರ್‌ಗೆ ಟ್ರಾಮ್ ಮತ್ತು ರೈಲು. ದಕ್ಷಿಣದ ಉಕ್ಲ್ ದೊಡ್ಡದು, ಶ್ರೀಮಂತ, ಮೆಟ್ರೋ ಇಲ್ಲ. ಇಕ್ಸೆಲ್‌ನ ಫ್ಲಾಜೆ ಕೆರೆಗಳ ಸುತ್ತ ಯುವಜನರ ಓಡಾಟ ಹೆಚ್ಚು, ರಾತ್ರಿ ಸದ್ದೂ ಹೆಚ್ಚು. ಅದೇ ಕಮ್ಯೂನ್‌ನ ಮಾತೊಂಗೆಯಲ್ಲಿ ಆಫ್ರಿಕದವರ ಅಂಗಡಿಗಳಿವೆ. ಬೆಂಡೆಕಾಯಿ, ಬಾಳೆಕಾಯಿ, ಹಸಿಮೆಣಸಿನಕಾಯಿಗೆ ನಾವು ಅಲ್ಲಿಗೇ ಹೋಗುತ್ತಿದ್ದದ್ದು. ವಾರಕ್ಕೊಮ್ಮೆ ತರುವ ಸಾಮಾನಿಗಾಗಿ ಬಡಾವಣೆಯನ್ನು ಆರಿಸಬೇಡಿ.

ನಮ್ಮವರು ಅಷ್ಟಾಗಿ ನೋಡದ ಕಡೆಯೆಂದರೆ ವಾಯವ್ಯ. ಜೆಟ್ ಎಂಬ ಕಮ್ಯೂನ್‌ಗೆ ಒಮ್ಮೆ ಭಾನುವಾರ ಬೆಳಿಗ್ಗೆ ಹೋಗಿ, ಚರ್ಚಿನ ಸುತ್ತ ನೆರೆಯುವ ಸಂತೆಯಲ್ಲಿ ಅಡ್ಡಾಡಿ. ಡಚ್ ಭಾಷೆಯ ವಿಶ್ವವಿದ್ಯಾಲಯ ಆಸ್ಪತ್ರೆ ಅಲ್ಲಿದೆ. ಬೊದುವಾ ದೊರೆಯ ಹೆಸರಿನ ಉದ್ದನೆಯ ಪಾರ್ಕ್ ಇದೆ, ರೈಲು ನಿಲ್ದಾಣ ಇದೆ, 2018ರಲ್ಲಿ ಶುರುವಾದ ಒಂಬತ್ತನೆಯ ಟ್ರಾಮ್ ಇದೆ. ಪಕ್ಕದ ಲಾಕೆನ್‌ನಲ್ಲಿ ಫಾಬಿಯೋಲಾ ರಾಣಿಯ ಹೆಸರಿನ ಮಕ್ಕಳ ಆಸ್ಪತ್ರೆ. ಬಾಡಿಗೆ ವೊಲುವೆಗಿಂತ ಕಡಿಮೆ. ಡಚ್ ಶಾಲೆ ಆರಿಸಿದ ಕುಟುಂಬಕ್ಕೆ ನಾನು ಮೊದಲು ಹೇಳುವ ಹೆಸರು ಇದು.

ಹೆಜ್ಜೆ 7: ಮೂರು ಬಾರಿ ಹೋಗಿ ನೋಡಿ

ಬಿಸಿಲಿನ ಶನಿವಾರ ಎಲ್ಲ ಬೀದಿಯೂ ಚೆಂದ. ಶಾಲೆ ಬಿಡುವ ಹೊತ್ತಿಗೆ ಒಮ್ಮೆ ಹೋಗಿ. ಮಕ್ಕಳು ತಾವಾಗಿಯೇ ನಡೆದು ಹೋಗುತ್ತಾರೆಯೇ, ಅಜ್ಜಂದಿರು ಬೆಂಚಿನ ಮೇಲೆ ಕೂತಿದ್ದಾರೆಯೇ ನೋಡಿ. ಕತ್ತಲಾದ ಮೇಲೆ ಒಮ್ಮೆ ಹೋಗಿ. ಚಳಿಗಾಲದಲ್ಲಿ ಸಂಜೆ ಐದಕ್ಕೇ ಕತ್ತಲಾಗಿರುತ್ತದೆ, ಆಗ ಟ್ರಾಮ್ ನಿಲ್ದಾಣದಿಂದ ಮನೆಯವರೆಗೆ ನಡೆದಾಗ ಮನಸ್ಸಿಗೆ ಏನನ್ನಿಸುತ್ತದೆ ಎಂಬುದು ಮುಖ್ಯ. ಮಳೆಯ ದಿನ ಒಮ್ಮೆ ಹೋಗಿ, ಮಗುವನ್ನು ಕರೆದುಕೊಂಡು ಹೋಗಿ ಕೂರಲು ಗ್ರಂಥಾಲಯವಾಗಲಿ ಈಜುಕೊಳವಾಗಲಿ ಹತ್ತಿರವಿದೆಯೇ ಎಂದು ಹುಡುಕಿ. ಬ್ರಸೆಲ್ಸ್‌ನ ಮಳೆ ನಮ್ಮ ಮಲೆನಾಡಿನಂತೆ ಸುರಿದು ನಿಲ್ಲುವುದಲ್ಲ, ಸಣ್ಣಗೆ, ತಿಂಗಳುಗಟ್ಟಲೆ.

ವಿಮಾನದ ಸದ್ದನ್ನು ಮರೆಯಬೇಡಿ. ಜಾವೆಂಟೆಮ್‌ನ ವಿಮಾನ ನಿಲ್ದಾಣ ಊರಿಗೆ ತೀರಾ ಹತ್ತಿರ. ಎವೆರೆ, ವೊಲುವೆಯ ಕೆಲವು ಭಾಗಗಳು, ಕ್ರಾಯ್ನೆಮ್, ವೆಜೆಂಬೇಕ್-ಓಪೆಮ್‌ಗಳ ಮೇಲೆ ವಿಮಾನಗಳು ಹಾರುತ್ತವೆ. ಯಾರ ತಲೆಯ ಮೇಲೆ ಹಾರಬೇಕು ಎಂಬುದು ಅಲ್ಲಿನ ರಾಜಕಾರಣದ ಹಳೆಯ ಜಗಳ. ಗಾಳಿ ಬೀಸುವ ದಿಕ್ಕು ಬದಲಾದರೆ ಬಳಸುವ ರನ್‌ವೇಯೂ ಬದಲಾಗುತ್ತದೆ. ಹಾಗಾಗಿ ನೀವು ಮನೆ ನೋಡಿದ ದಿನ ಮೌನವಿತ್ತು ಎಂದರೆ ಸಾಲದು. ಮೇಲಿನ ಮಹಡಿಯವರನ್ನು ಕೇಳಿ.

ಹೆಜ್ಜೆ 8: ಮನೆಯೊಳಗೆ

ಕಿಟಕಿಗಳಲ್ಲಿ ‘ಆ ಲುಯೆ’, ‘ಟೆ ಹೂರ್’ ಎಂಬ ಕಿತ್ತಳೆ ಬಣ್ಣದ ಫಲಕ ಕಂಡರೆ ಬಾಡಿಗೆಗಿದೆ ಎಂದರ್ಥ. ಹಳೆಯ ಬ್ರಸೆಲ್ಸ್ ಮನೆಗಳು ಅಗಲ ಕಡಿಮೆ, ಉದ್ದ ಹೆಚ್ಚು. ಒಂದರ ಹಿಂದೆ ಒಂದು ಮೂರು ಕೋಣೆ, ನಡುವಿನದಕ್ಕೆ ಬೆಳಕಿಲ್ಲ. ಮಕ್ಕಳಿಗೆ ಆ ನಡುಕೋಣೆ ಕೊಡಬೇಡಿ. ಕಿಟಕಿಗೆ ಎರಡು ಪದರದ ಗಾಜಿದೆಯೇ, ಬೀರುವಿನ ಹಿಂದೆ, ಸ್ನಾನದ ಮನೆಯ ಮೂಲೆಯಲ್ಲಿ ಬೂಷ್ಟು ಹಿಡಿದಿದೆಯೇ ನೋಡಿ. ಇಂಧನ ದಕ್ಷತೆಯ ಪ್ರಮಾಣಪತ್ರ ಕೇಳಿ, ಅದರಲ್ಲಿ ಎ ಇಂದ ಜಿ ವರೆಗೆ ದರ್ಜೆ ಇರುತ್ತದೆ. ಬಾಡಿಗೆ ಕಡಿಮೆಯಿದ್ದು ದರ್ಜೆ ಕೆಳಗಿದ್ದರೆ ಉಳಿಸಿದ ಹಣ ಹೀಟಿಂಗ್ ಬಿಲ್ಲಿಗೆ ಹೋಗುತ್ತದೆ. ಒಗ್ಗರಣೆಯ ಹೊಗೆ ಹೊರಗೆ ಹೋಗುವ ಚಿಮಣಿ ಇದೆಯೇ ಎಂದು ಕೇಳಲು ಸಂಕೋಚ ಬೇಡ.

ಹೆಜ್ಜೆ 9: ಕರಾರು

ಅಲ್ಲಿನ ಸಾಮಾನ್ಯ ಬಾಡಿಗೆ ಕರಾರು ಒಂಬತ್ತು ವರ್ಷದ್ದು. ಗಾಬರಿ ಬೇಡ, ಬಾಡಿಗೆದಾರರು ಮೂರು ತಿಂಗಳ ಮುನ್ಸೂಚನೆ ಕೊಟ್ಟು ಯಾವಾಗ ಬೇಕಾದರೂ ಬಿಡಬಹುದು. ಬ್ರಸೆಲ್ಸ್‌ನಲ್ಲಿ ಮೊದಲ ವರ್ಷ ಬಿಟ್ಟರೆ ಮೂರು ತಿಂಗಳ, ಎರಡನೆಯ ವರ್ಷ ಎರಡು, ಮೂರನೆಯ ವರ್ಷ ಒಂದು ತಿಂಗಳ ಬಾಡಿಗೆ ಪರಿಹಾರ; ಆಮೇಲೆ ಏನೂ ಇಲ್ಲ. ಮೂರು ವರ್ಷದೊಳಗಿನ ಕಿರು ಕರಾರೂ ಇದೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಅಲ್ಲಿನ ಎರಡು ತಿಂಗಳ ಠೇವಣಿ ಹಗುರ ಎನ್ನಿಸುತ್ತದೆ. ಅದನ್ನು ಮಾಲೀಕರ ಕೈಗೆ ನಗದಾಗಿ ಕೊಡಬೇಡಿ. ನಿಮ್ಮ ಹೆಸರಿನ ತಡೆಹಿಡಿದ ಬ್ಯಾಂಕ್ ಖಾತೆಯಲ್ಲಿಡಿ; ಇಬ್ಬರ ಒಪ್ಪಿಗೆ ಅಥವಾ ನ್ಯಾಯಾಧೀಶರ ಆದೇಶ ಇಲ್ಲದೆ ಯಾರೂ ತೆಗೆಯಲಾಗದು. ಕರಾರನ್ನು ನೋಂದಾಯಿಸುವುದು ಮಾಲೀಕರ ಹೊಣೆ, ಆಗಿದೆಯೇ ಎಂದು ಕೇಳಿ. ಬೆಂಕಿ ವಿಮೆ ನಿಮ್ಮ ಹೊಣೆ.

ಬೀಗದ ಕೈ ಪಡೆಯುವಾಗ ಮನೆಯ ಸ್ಥಿತಿಯನ್ನು ಕೋಣೆ ಕೋಣೆಯಾಗಿ ಬರೆಯುವ ವರದಿಯೊಂದಿದೆ, ‘ಎಟಾ ದೆ ಲಿಯೂ’ ಎಂದು. ನಮ್ಮ ಮೊದಲ ಮನೆಯಲ್ಲಿ ಮೂವತ್ತು ಪುಟದ ಆ ಫ್ರೆಂಚ್ ವರದಿಗೆ ಓದದೆ ಸಹಿ ಹಾಕಿದೆವು. ಅಡುಗೆಮನೆಯ ಗೋಡೆಯ ಹಳೆಯ ಕಲೆ ಅದರಲ್ಲಿ ನಮೂದಾಗಿರಲಿಲ್ಲ, ಬಿಡುವಾಗ ಅದರ ದುರಸ್ತಿಯ ಹಣ ನಮ್ಮ ಠೇವಣಿಯಿಂದ ಕಡಿತವಾಯಿತು. ಪ್ರತಿ ಗೋಡೆ, ನೆಲ, ನಲ್ಲಿಯ ಫೋಟೋ ತೆಗೆಯಿರಿ. ವರದಿಯನ್ನು ಭಾಷೆ ಬಲ್ಲವರಿಂದ ಓದಿಸಿ, ಬಿಟ್ಟುಹೋದದ್ದನ್ನು ಸೇರಿಸಿ, ಆಮೇಲೆ ಸಹಿ ಹಾಕಿ.

ಹೆಜ್ಜೆ 10: ಕರೆಗಂಟೆಯ ಮೇಲೆ ಹೆಸರು

ಊರು ತಲುಪಿದ ಎಂಟು ಕೆಲಸದ ದಿನಗಳೊಳಗೆ ಕಮ್ಯೂನ್ ಕಚೇರಿಯಲ್ಲಿ ನೋಂದಣಿಗೆ ಅರ್ಜಿ ಕೊಡಬೇಕು. ನಿಮ್ಮೊಂದಿಗಿನ ವ್ಯವಹಾರ ಫ್ರೆಂಚ್‌ನಲ್ಲೋ ಡಚ್‌ನಲ್ಲೋ ಎಂದು ಅಲ್ಲಿ ಆರಿಸಬೇಕಾಗುತ್ತದೆ. ಮಗುವಿನ ಶಾಲೆಯ ಭಾಷೆಯನ್ನೇ ಆರಿಸಿದರೆ ಒಂದು ನಿಘಂಟಿನಲ್ಲಿ ಎರಡೂ ಕೆಲಸ ಆಗುತ್ತವೆ. ಮದುವೆಯ ಮತ್ತು ಮಕ್ಕಳ ಜನನದ ಪ್ರಮಾಣಪತ್ರಗಳು ಕೈಯಲ್ಲಿರಲಿ.

ಆಮೇಲೆ ಬಡಾವಣೆಯ ಪೊಲೀಸರು ನೀವು ನಿಜವಾಗಿಯೂ ಅಲ್ಲಿ ವಾಸವಿದ್ದೀರಾ ಎಂದು ನೋಡಲು ಮನೆಗೆ ಬರುತ್ತಾರೆ, ದಿನ ಹೇಳಿ ಬರುವುದಿಲ್ಲ. ಅವರು ಮೊದಲು ನೋಡುವುದು ಕರೆಗಂಟೆ ಮತ್ತು ಅಂಚೆಪೆಟ್ಟಿಗೆಯ ಮೇಲಿನ ಹೆಸರನ್ನು. ನಮ್ಮವರಲ್ಲಿ ಗಂಡನ ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಹೆಂಡತಿಯದರಲ್ಲಿ ತಂದೆಯ ಹೆಸರು, ಮಗುವಿನದರಲ್ಲಿ ಅಪ್ಪನ ಹೆಸರು ಕೊನೆಗಿರುತ್ತದೆ. ಅಲ್ಲಿಯವರಿಗೆ ಇದು ಮೂರು ಬೇರೆ ಕುಟುಂಬ. ನಮ್ಮ ಬಾಗಿಲಲ್ಲಿ ಒಂದೇ ಹೆಸರಿತ್ತು, ಬಂದವರು ಹಿಂತಿರುಗಿ ಹೋದರು, ನನ್ನ ಮತ್ತು ಮಗಳ ಗುರುತಿನ ಕಾರ್ಡ್ ವಾರಗಟ್ಟಲೆ ತಡವಾಯಿತು. ಪಾಸ್‌ಪೋರ್ಟಿನಲ್ಲಿರುವಂತೆಯೇ ಎಲ್ಲರ ಹೆಸರನ್ನೂ ದೊಡ್ಡ ಅಕ್ಷರದಲ್ಲಿ ಬರೆದು, ಬೀಗದ ಕೈ ಸಿಕ್ಕ ದಿನವೇ ಅಂಟಿಸಿ. ಆ ಭೇಟಿ ಮುಗಿದ ಮೇಲೆಯೇ ಕಾರ್ಡ್, ಕಾರ್ಡ್ ಬಂದ ಮೇಲೆ ಆರೋಗ್ಯ ವಿಮೆ, ಮಕ್ಕಳ ಭತ್ಯೆ ಒಂದೊಂದಾಗಿ ಮುಂದೆ ಸಾಗುತ್ತವೆ. ಶಾಲೆ ಮಾತ್ರ ಕಾರ್ಡಿಗಾಗಿ ಕಾಯುವುದಿಲ್ಲ. ಸೀಟು ಸಿಕ್ಕಿದ್ದರೆ ಮಗುವನ್ನು ಮರುದಿನವೇ ಕಳಿಸಿ.